ಲೀಗ್ ಬಂದ ಊರಿನಲ್ಲಿ ಕೆಂಪು ಶಾಲಿನ ಮನೆ

ಪರರ ಮಕ್ಕಳಿಗೆ ಬಡಿಸುವಾಗ ತನ್ನ ತಟ್ಟೆಯನ್ನು ಮರೆಯುವವಳು. ಬೆವರು ನಾರುವ ಆಟದ ಬಟ್ಟೆಯನ್ನು ಒಗೆಯುವಾಗ ಮೂಗು ಮುರಿಯದವಳು. ಸೋತು ಬಂದವನಿಗೆ ಬುದ್ಧಿ ಹೇಳದೆ ಸಾರು ಬಿಸಿಮಾಡಿ ಕೊಡುವವಳು, ಗೆದ್ದು ಬಂದವನಿಗೆ ಹೊಗಳಿಕೆಯ ಬದಲು ಪಾತ್ರೆ ತೊಳೆಯುವ ಕೆಲಸ ಒಪ್ಪಿಸುವವಳು. ಹಿಮಗಾಳಿ ಎಷ್ಟೇ ಬೀಸಲಿ, ಭಾನುವಾರದ ಪ್ರಾರ್ಥನೆಯನ್ನು ತಪ್ಪಿಸದವಳು. ನೆರೆಹೊರೆಯ ಜಗಳದಲ್ಲಿ ಯಾರ ಪಕ್ಷವನ್ನೂ ವಹಿಸದವಳು. ತೀರಿಕೊಂಡ ಗಂಡನ ಬೂಟುಗಳನ್ನು ಬಾಗಿಲ ಬಳಿಯಿಂದ ಎತ್ತಿಡದವಳು. ದೂರದ ತಾಯಂದಿರು ಫೋನಿನಲ್ಲಿ ಅತ್ತಾಗ ತಾನು ಅಳದೆ ಸಂತೈಸುವವಳು. ಎಲ್ಲಕ್ಕಿಂತ ಮಿಗಿಲಾಗಿ, ಕಿವಿಗೆ ಬಿದ್ದ ಗುಟ್ಟನ್ನು ಬಾವಿಗೆ ಬಿದ್ದ ಕಲ್ಲಿನಂತೆ ಒಳಗೇ ಇಟ್ಟುಕೊಳ್ಳುವವಳು. ಇಂಥ ಒಬ್ಬ ಹೆಣ್ಣುಮಗಳು ಕೆನಡಾ ದೇಶದ ಗೋಧಿ ಬಯಲಿನ ಆಸ್ಪೆನ್‌ಫೋರ್ಡ್ ಪಟ್ಟಣದಲ್ಲಿ, ನದಿಯ ತೆಂಕಣ ದಡದ ಬೀದಿಯಲ್ಲಿ ಬಾಳುತ್ತಿದ್ದಳು. ಎಣಿಸಿದ ಗುಣಗಳಲ್ಲಿ ಕಡೆಯದೇ ಅವಳಿಗೆ ಮುಳುವಾಯಿತು.

ಅವಳ ಹೆಸರು ಹಾಲ್ಯಾ ಬೊಯ್ಚುಕ್. ಆದರೆ ಆ ಹೆಸರನ್ನು ಪಾದ್ರಿಗಳೂ ಅಂಚೆಯವರೂ ಮಾತ್ರ ಬಳಸುತ್ತಿದ್ದರು. ಉಳಿದವರಿಗೆಲ್ಲ ಅವಳು ಹಾಲ್ಯಾ ತೇತಾ. ಯುಕ್ರೇನಿನಿಂದ ಬಂದು ಆ ಬಯಲಿನಲ್ಲಿ ನೆಲೆಯೂರಿದ ಜನ ಅತ್ತೆಯನ್ನು ಕರೆಯುವುದು ತೇತಾ ಎಂದೇ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಅವಳಿಗಿರಲಿಲ್ಲ. ಆದರೆ ಅವಳ ಮನೆಯಲ್ಲಿ ಗಂಡುಮಕ್ಕಳ ಸದ್ದಿಲ್ಲದ ಚಳಿಗಾಲವೊಂದನ್ನು ಆ ಬೀದಿ ಕಂಡಿರಲಿಲ್ಲ.

ಆಸ್ಪೆನ್‌ಫೋರ್ಡಿನ ಜನ ಹಾಕಿ ಎಂದರೆ ಮಂಜುಗಡ್ಡೆಯ ಮೇಲೆ ರಬ್ಬರ್ ಬಿಲ್ಲೆಯಿಂದ ಆಡುವ ಹಾಕಿಯನ್ನೇ ಹೇಳುವುದು. ಲೋಕದಲ್ಲಿ ಬೇರೊಂದು ಹಾಕಿ ಇದೆಯೆಂಬುದು ಅವರಿಗೆ ತಿಳಿಯದು, ತಿಳಿದರೂ ನಂಬರು. ಊರಿನ ಕಿರಿಯರ ತಂಡಕ್ಕೆ ದೂರದೂರದ ಹೊಲಮನೆಗಳಿಂದ, ಮೀಸೆ ಮೂಡುವ ಮುನ್ನವೇ ಹುಡುಗರು ಬರುತ್ತಾರೆ. ತಂದೆತಾಯಿಗಳು ಹೊಲ ಬಿಟ್ಟು ಬರಲಾರರು. ಆದುದರಿಂದ ಊರಿನ ಗೃಹಸ್ಥರು ಅವರನ್ನು ಮನೆಯ ಮಕ್ಕಳಂತೆ ಇರಿಸಿಕೊಳ್ಳುತ್ತಾರೆ. ಅಂಥ ಮನೆಗೆ ಅಲ್ಲಿ ಬಿಲೆಟ್ ಮನೆಯೆಂದು ಹೆಸರು. ಹಾಲ್ಯಾ ಮದುವೆಯಾಗಿ ಬಂದ ಮರುವರ್ಷದಿಂದಲೇ ಅವಳದು ಬಿಲೆಟ್ ಮನೆ. ಅವಳ ಬೀಟ್‌ರೂಟಿನ ಕೆಂಪು ಬೋರ್ಶ್ ಸಾರು ಕುಡಿದ ಹುಡುಗರು ಈಗ ಕೆಲವರು ಗಣಿಯಲ್ಲಿದ್ದಾರೆ, ಕೆಲವರು ಶಾಲೆಯಲ್ಲಿ ಪಾಠ ಹೇಳುತ್ತಾರೆ, ಇಬ್ಬರು ಹಣಕ್ಕೆ ಆಡುವವರ ದೊಡ್ಡ ಲೀಗಿನಲ್ಲಿ ಆಡಿ ಹಲ್ಲು ಕಳೆದುಕೊಂಡಿದ್ದಾರೆ.

ಆ ಮನೆಗೆ ಎರಡು ಕಟ್ಟಳೆಗಳಿದ್ದವು. ಅಡುಗೆಮನೆಯಲ್ಲಿ ಆಡಿದ ಮಾತು ಹಿಮಾಂಗಣದವರೆಗೆ ಹೋಗಕೂಡದು ಎಂಬುದು ಮೊದಲನೆಯದು. ಮನೆನೆನಪಿನಿಂದ ಅತ್ತದ್ದು, ಹುಡುಗಿಯೊಬ್ಬಳು ಕೈಬಿಟ್ಟದ್ದು, ಮೊಣಕಾಲು ನೋಯುವುದು, ಹೊಡೆದಾಟಕ್ಕೆ ಹೆದರಿಕೆಯಾಗುವುದು, ಇವೆಲ್ಲ ತೇತಾಳ ಒಲೆಯ ಮುಂದೆ ಹೇಳಬಹುದಾದವು. ಕೋಚನ ಕಿವಿಗೆ ಬೀಳುವ ಭಯವಿರಲಿಲ್ಲ. ಊರಿನ ಎಲ್ಲ ಬಿಲೆಟ್ ತಾಯಂದಿರೂ ಈ ಕಟ್ಟಳೆಯನ್ನು ಪಾಲಿಸುತ್ತಿದ್ದರು. ಹಾಲ್ಯಾ ವ್ರತದಂತೆ ಪಾಲಿಸುತ್ತಿದ್ದಳು.

ಎರಡನೆಯದು ಕೆಂಪು ಶಾಲಿನ ಕಟ್ಟಳೆ. ಆಟದ ದಿನ ಮಧ್ಯಾಹ್ನ ಆಟಗಾರರು ಉಂಡು ಮಲಗಬೇಕು. ಆಗ ಹಾಲ್ಯಾ ತನ್ನ ತಾಯಿಯ ಗುಲಾಬಿ ಹೂವಿನ ಕೆಂಪು ಶಾಲನ್ನು ಅಂಗಳದ ಬೇಲಿಗಂಬಕ್ಕೆ ಕಟ್ಟುವಳು. ಅದು ಕಂಡರೆ ಸಾಕು, ಬೀದಿ ಉಸಿರು ಹಿಡಿಯುತ್ತಿತ್ತು. ಹಿಮ ಬಾಚುವ ಯಂತ್ರಗಳು ನಿಲ್ಲುವವು. ನಾಯಿಗಳನ್ನು ಒಳಗೆ ಕರೆದುಕೊಳ್ಳುವರು. ಅಂಚೆಯವನು ಬೂಟಿನ ಸದ್ದಾಗದಂತೆ ನಡೆಯುವನು.

ಹಾಲ್ಯಾಳ ಗಂಡ ಓರೆಸ್ಟ್, ಪೊಟ್ಯಾಷ್ ಗಣಿಯಲ್ಲಿ ದುಡಿದು, ಎದೆಯ ರೋಗದಿಂದ ತೀರಿಕೊಂಡಿದ್ದ. ದೊಡ್ಡ ಲೀಗಿನ ತಂಡವೊಂದು ತನ್ನ ಊರಿಗೆ ಬರಬೇಕೆಂಬುದು ಅವನ ಜೀವದ ಹಂಬಲ. ಕಡೆಯ ದಿನಗಳಲ್ಲಿ, ಉಸಿರಿಗೆ ತಡಕಾಡುತ್ತಲೇ ಹೆಂಡತಿಯನ್ನು ನಗಿಸಿದ್ದ: "ನನ್ನ ಬೂಟು ಎಸೀಬೇಡ ಕಣೆ. ಮೊದಲನೇ ಆಟದ ದಿನ ನಿನ್ನ ಪಕ್ಕದ ಸೀಟಲ್ಲಿಡು. ಯಾರಾದ್ರೂ ಕೇಳಿದ್ರೆ, ಯಜಮಾನ್ರು ಕಾಫಿ ತರೋಕೆ ಹೋಗಿದಾರೆ ಅನ್ನು." ಆ ಬೂಟುಗಳು ಅಂದಿನಿಂದ ಬಾಗಿಲ ಬಳಿಯೇ ಕಾದಿದ್ದವು.

ಕಾಯುವುದಕ್ಕೆ ಕಾರಣವೂ ಒದಗಿತು. ಊರು ಬೆಳೆಯುತ್ತಿತ್ತು. ಓರೆಸ್ಟನ ಬಾಲ್ಯದಲ್ಲಿ ಗೋಧಿ ತೂಗುತ್ತಿದ್ದ ನೆಲದಲ್ಲಿ ಈಗ ಮನೆಗಳ ಸಾಲು ಎದ್ದಿತ್ತು. ಫಿಲಿಪೀನಿನವರು, ಪಂಜಾಬಿನವರು, ಯುದ್ಧದಿಂದ ತಪ್ಪಿಸಿಕೊಂಡು ಬಂದ ಹೊಸ ಯುಕ್ರೇನಿನವರು ಬಂದು ತುಂಬಿಕೊಂಡಿದ್ದರು. ಆ ಹೊತ್ತಿನಲ್ಲೇ ದೊಡ್ಡ ಲೀಗು ಹೊಸ ತಂಡಗಳನ್ನು ಸೇರಿಸಿಕೊಳ್ಳುವ ಆಲೋಚನೆಯಲ್ಲಿದೆಯೆಂಬ ಸುದ್ದಿ ಹಬ್ಬಿತು. ಯಾವ ಊರು ಯೋಗ್ಯ, ಯಾವುದು ಅಯೋಗ್ಯ ಎಂಬ ಚರ್ಚೆ ಚರ್ಚಿನ ಮೆಟ್ಟಿಲಿನಿಂದ ಕ್ಷೌರದಂಗಡಿಯವರೆಗೆ ನಡೆಯಿತು. ಅದಕ್ಕಾಗಿ ಊರವರು ಕಟ್ಟಿದ ಸಮಿತಿಗೆ ಓರೆಸ್ಟನ ತಮ್ಮ ನೆಸ್ಟರನೇ ಮುಂದಾಳು. ಟ್ರಕ್ಕು ರಿಪೇರಿಯ ಅಂಗಡಿಯವನು. ಮಾತಿಗೆ ಕೂತರೆ ಗಡಿಯಾರ ನಾಚಬೇಕು.

ನವೆಂಬರಿನ ಒಂದು ಭಾನುವಾರ ಅವನು ಅತ್ತಿಗೆಯ ಮೇಜಿನ ಮುಂದೆ ಕುಳಿತು, ಆಲೂಗೆಡ್ಡೆ ತುಂಬಿದ ಪಿರೋಹಿ ಕಡುಬುಗಳನ್ನು ತಟ್ಟೆಯ ಅಂಚಿನ ಸುತ್ತ ಜೋಡಿಸಿ ಪೈಪೋಟಿಯ ಊರುಗಳನ್ನಾಗಿ ಮಾಡಿದ.

"ನೋಡಿ ಅತ್ತಿಗೆ, ಇದು ಹೂಸ್ಟನ್. ದುಡ್ಡಿದೆ, ಜನ ಇದಾರೆ. ಆದ್ರೆ ಅಲ್ಲಿ ಐಸ್ ಅಂದ್ರೆ ಜನ ಲೋಟ ಹಿಡ್ಕೊಂಡು ಬರ್ತಾರೆ. ಇದು ಅಟ್ಲಾಂಟಾ. ಎರಡು ಸಲ ತಂಡಾನ ಕಟ್ಕೊಂಡು ಎರಡು ಸಲ ಬಿಟ್ಟ ಗಂಡು. ಮೂರನೇ ಸಲ ಹೆಣ್ಣು ಯಾರು ಕೊಡ್ತಾರೆ?"

"ಕೊಡ್ತಾರೆ," ಎಂದಳು ಹಾಲ್ಯಾ, ಒಲೆಯ ಕಡೆಯಿಂದ ತಿರುಗದೆ. "ದುಡ್ಡಿರೋ ಗಂಡಿಗೆ ನಾಲ್ಕನೇ ಸಲಾನೂ ಕೊಡ್ತಾರೆ."

"ಇದು ಕೆಬೆಕ್. ಪಾಪ, ಅರಮನೆಯಂಥ ಅಂಗಣ ಕಟ್ಟಿ ದೀಪ ಹಚ್ಚಿ ಹೊಸ್ತಿಲಲ್ಲೇ ಕೂತಿದೆ, ಬಿಟ್ಟು ಹೋದೋಳು ವಾಪಸ್ ಬರ್ತಾಳೆ ಅಂತ."

"ಮತ್ತೆ ನಮ್ಮೂರು ಯಾವ್ದು ಮಾಮ?" ಎಂದು ಕೇಳಿದವನು ಕೆಲ್ಲನ್ ಥೀಸನ್. ಆ ವರ್ಷ ಮನೆಯಲ್ಲಿದ್ದ ಏಕಮಾತ್ರ ಆಟಗಾರ, ತಂಡದ ನಾಯಕ. ಹತ್ತೊಂಬತ್ತು ತುಂಬದ, ಅಗಲ ಕಿವಿಯ, ಮೆನೊನೈಟ್ ಪಂಥದ ಕ್ರೈಸ್ತ ಮನೆತನದ ಹುಡುಗ.

"ನಮ್ಮೂರು ಇನ್ನೂ ಬಾಣಲೇಲಿದೆ ಕಣಯ್ಯ. ಒಂದು ಕಡೆ ಬೆಂದಿದೆ, ಇನ್ನೊಂದು ಕಡೆ ತಿರುವಿ ಹಾಕ್ಬೇಕು. ಆ ಸೌಟು ನಿನ್ನ ಕೈಲಿದೆ."

"ಹಾಗಾದ್ರೆ ಹೂಸ್ಟನ್ ನಂಗೆ," ಎಂದು ಹುಡುಗ ಆ ಪಿರೋಹಿಯನ್ನು ಬಾಯಿಗೆ ಹಾಕಿಕೊಂಡ.

ನೆಸ್ಟರ್ ನಕ್ಕ, ಬಳಿಕ ದನಿ ತಗ್ಗಿಸಿದ. ಮುಂದಿನ ಶನಿವಾರದ ಆಟಕ್ಕೆ ದೊಡ್ಡ ಲೀಗಿನ ಹಿರಿಯರು ಬರಲಿದ್ದಾರೆ. ಊರಿನ ತಲೆಗಳನ್ನು ಅವರು ಈಗಾಗಲೇ ಎಣಿಸಿದ್ದಾರೆ. ಈಗ ಊರಿನ ಎದೆಯನ್ನು ನೋಡಲು ಬರುತ್ತಿದ್ದಾರೆ. ಅಂಗಣ ತುಂಬಬೇಕು, ಛಾವಣಿ ಹಾರಬೇಕು. "ನಮ್ಮ ನಾಯಕ ಮಿಂಚಿದ್ರೆ ಊರು ಮಿಂಚಿದಂಗೆ. ಅಣ್ಣ ಇದ್ದಿದ್ರೆ ಇವತ್ತು ನಿದ್ದೆ ಮಾಡ್ತಿರ್ಲಿಲ್ಲ, ಅಲ್ವಾ ಅತ್ತಿಗೆ?"

ಹಾಲ್ಯಾ ಬಾಗಿಲ ಬಳಿಯ ಬೂಟುಗಳನ್ನೊಮ್ಮೆ ನೋಡಿದಳು.

ಆ ವಾರದ ನಡುವೆ, ಅಭ್ಯಾಸದ ಹೊತ್ತಿನಲ್ಲಿ, ಕೆಲ್ಲನ್ ಜಾರಿ ತಲೆಯನ್ನು ಅಂಗಣದ ಹಲಗೆಗೋಡೆಗೆ ಹೊಡೆದುಕೊಂಡ. ಎದ್ದು ನಿಂತ, ನಕ್ಕ, ಆಟ ಮುಂದುವರಿಸಿದ. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಮರುದಿನ ಸಂಜೆ ಹಾಲ್ಯಾ ಅಂಗಡಿಯಿಂದ ಬಂದಾಗ ಅಡುಗೆಮನೆಯಲ್ಲಿ ದೀಪವಿರಲಿಲ್ಲ. ಹುಡುಗ ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ ಬಾಗಿ ನಿಂತಿದ್ದ. ವಾಂತಿಯ ಹುಳಿನಾತ ತುಂಬಿತ್ತು.

ಅವಳು ದೀಪದ ಗುಂಡಿಗೆ ಕೈ ಹಾಕಿದಳು.

"ಬೇಡ ತೇತಾ, ಬೇಡ! ಕಣ್ಣು ಚುಚ್ಚತ್ತೆ."

ಅವಳು ಕತ್ತಲಲ್ಲೇ ಅವನ ಹಣೆ ಮುಟ್ಟಿದಳು. ಜ್ವರವಿರಲಿಲ್ಲ. "ನಿನ್ನೆ ಬಿದ್ದೆ ಅಂದ್ಯಲ್ಲ, ಅದಾ?"

"ಅದೇ. ತಲೆ ಒಳಗೆ ಯಾರೋ ಸ್ಕೇಟ್ ಹಾಕ್ಕೊಂಡು ಓಡಾಡ್ದಂಗಾಗತ್ತೆ. ಹೋಗತ್ತೆ ಬಿಡಿ."

"ಡಾಕ್ಟರ ಹತ್ರ ನಡಿ ಕಂದ."

"ಡಾಕ್ಟರು ಒಂದೇ ಮಾತು ಹೇಳೋದು, ಎರಡು ವಾರ ಮನೇಲಿ ಕೂತ್ಕೋ ಅಂತ. ಶನಿವಾರ ಹೋದ್ರೆ ಹೋಯ್ತು ತೇತಾ. ಅವರೆಲ್ಲ ಬರ್ತಾರೆ. ನನ್ನನ್ನೂ ನೋಡ್ತಾರೆ." ಅವನು ಅವಳ ಮುಂಗೈ ಹಿಡಿದುಕೊಂಡ. "ಅಡುಗೆಮನೆ ಮಾತು ಅಡುಗೆಮನೇಲೇ. ನೀವೇ ಹೇಳಿದ್ದು. ಹೇಳಿದೀರೋ ಇಲ್ವೋ?"

ಹೇಳಿದ್ದಳು. ಎಷ್ಟೋ ಹುಡುಗರಿಗೆ ಇದೇ ಒಲೆಯ ಮುಂದೆ ಹೇಳಿದ್ದಳು. ಅವರು ಬಚ್ಚಿಟ್ಟ ಮೊಣಕಾಲುಗಳೂ ಪಕ್ಕೆಲುಬುಗಳೂ ಕಾಲಕ್ರಮದಲ್ಲಿ ವಾಸಿಯಾಗಿದ್ದವು. ಅವಳ ಮೌನದಿಂದ ಈವರೆಗೆ ಯಾರಿಗೂ ಕೇಡಾಗಿರಲಿಲ್ಲ. ಹಾಗೆಂದು ತನಗೆ ತಾನೇ ಹೇಳಿಕೊಂಡು, ತೊಟ್ಟಿಯನ್ನು ತೊಳೆದು, ಒದ್ದೆ ಬಟ್ಟೆಯನ್ನು ಅವನ ಕಣ್ಣಿನ ಮೇಲಿಟ್ಟಳು.

ಶುಕ್ರವಾರ ಮಧ್ಯಾಹ್ನ ಕೋಚ್ ಫೋನ್ ಮಾಡಿದ. ಆ ಕೋಚ್ ಕೆಟ್ಟವನಲ್ಲ. ಬಾಯಿ ಒರಟು, ಕಣ್ಣು ಸೂಕ್ಷ್ಮ.

"ಹಾಲ್ಯಾ ತೇತಾ, ಹುಡುಗ ಹೇಗಿದಾನೆ? ಇವತ್ತು ಅಭ್ಯಾಸದಲ್ಲಿ ಯಾಕೋ ಮಂಕಾಗಿದ್ದ. ಬಿಲ್ಲೆ ಒಂದು ಕಡೆ ಬಂದ್ರೆ ಇವನು ಇನ್ನೊಂದು ಕಡೆ ನೋಡ್ತಾನೆ. ಮನೇಲಿ ಸರಿಯಾಗಿದಾನಾ? ಊಟ, ನಿದ್ದೆ?"

ರಿಸೀವರನ್ನು ಹಿಡಿದ ಹಾಲ್ಯಾಳಿಗೆ ಎದುರಿಗೆ ಎರಡು ಕಾಣುತ್ತಿದ್ದವು. ಮೆಟ್ಟಿಲ ಮೇಲೆ ನಿಂತು, ಮಾತಿಲ್ಲದೆ ತಲೆಯಾಡಿಸಿ ಬೇಡುತ್ತಿದ್ದ ಹುಡುಗನದು ಒಂದು ಮುಖ. ಬಾಗಿಲ ಬಳಿಯ ಬೂಟುಗಳು ಇನ್ನೊಂದು.

"ಚೆನ್ನಾಗಿದಾನೆ. ರಾತ್ರಿ ಎರಡು ತಟ್ಟೆ ತಿಂದು ಮಲಗಿದ," ಎಂದಳು.

"ನೀವು ಹೇಳಿದ್ರೆ ಆಯ್ತು ಬಿಡಿ," ಎಂದು ಅವನು ಫೋನ್ ಇಟ್ಟ.

ಶನಿವಾರ ಅವಳು ಶಾಲು ಕಟ್ಟಿದಳು, ಬೀದಿ ಸದ್ದಡಗಿತು, ಹುಡುಗ ಮಲಗಿದ. ಸಂಜೆ ಅಂಗಣದಲ್ಲಿ ಸೂಜಿ ಇಡಲು ಜಾಗವಿರಲಿಲ್ಲ. ಎರಡನೆಯ ಅವಧಿಯಲ್ಲಿ ಕೆಲ್ಲನ್ ಮೂವರನ್ನು ದಾಟಿ ಗೋಲು ಹೊಡೆದಾಗ ಊರೇ ಎದ್ದು ನಿಂತಿತು. ಮೇಲಿನ ಗಾಜಿನ ಕೋಣೆಯಲ್ಲಿ ದೊಡ್ಡ ಲೀಗಿನ ಹಿರಿಯರೂ ಎದ್ದರು. ನೆಸ್ಟರ್ ಅತ್ತಿಗೆಯನ್ನು ತಬ್ಬಿಕೊಂಡು ಅತ್ತ. ಮೂರನೆಯ ಅವಧಿ ಮುಗಿಯುವ ಮುನ್ನ ಎದುರಾಳಿಯೊಬ್ಬನ ಭುಜ ಕೆಲ್ಲನನ ದವಡೆಗೆ ತಾಗಿತು. ಏನೂ ಭಾರಿ ಏಟಲ್ಲ; ಅಂಥವು ಪ್ರತಿ ಆಟದಲ್ಲೂ ನಡೆಯುತ್ತವೆ. ಕೆಲ್ಲನ್ ಬೀಳಲಿಲ್ಲ, ಮೊದಲು ಕೋಲು ಬಿತ್ತು. ಆಮೇಲೆ ಅವನು ತನ್ನ ಕೈಗವಸನ್ನು ಯಾರದೋ ವಸ್ತುವೆಂಬಂತೆ ನೋಡುತ್ತ ನಿಂತ. ಅನಂತರ ಮಂಡಿಯೂರಿ, ಹಾಗೆಯೇ ಮಂಜುಗಡ್ಡೆಯ ಮೇಲೆ ಮುಖವಿಟ್ಟ.

ಮೊದಲ ಏಟಿನಿಂದ ಮಿದುಳಿಗೆ ಆಗಿದ್ದ ಗಾಯ ಮಾಯುವ ಮುನ್ನವೇ ಎರಡನೆಯದು ಬಿದ್ದು ಊತ ಬಂದಿದೆ ಎಂದು ವೈದ್ಯರು ಹೇಳಿದರು. ತಲೆಬುರುಡೆ ತೆರೆದು ಜೀವ ಉಳಿಸಿದರು. ಮೊದಲ ಏಟನ್ನು ಯಾಕೆ ಯಾರೂ ಗಮನಿಸಲಿಲ್ಲವೆಂದು ಊರು ಕೇಳಿತು. ಉತ್ತರವಾಗಿ ಕೋಚನನ್ನು ಕೆಲಸದಿಂದ ತೆಗೆದರು. ಅವನು ಎಲ್ಲಿಯೂ ಹಾಲ್ಯಾಳ ಹೆಸರೆತ್ತಲಿಲ್ಲ. ಬಿಲೆಟ್ ತಾಯಿಯ ಮಾತನ್ನು ನಂಬಿದೆನೆಂದು ಹೇಳಿ ತಾನು ಜಾರಿಕೊಳ್ಳುವುದು ಹೀನವೆಂದು ಅವನಿಗೆ ತೋರಿರಬೇಕು. ಸಾಮಾನು ಟ್ರಕ್ಕಿಗೇರಿಸಿ ಬಡಗಣ ಊರೊಂದಕ್ಕೆ ಹೊರಟುಹೋದ. ಅವನ ಟ್ರಕ್ಕು ತನ್ನ ಬೀದಿಯ ತಿರುವಿನಲ್ಲಿ ಸಾಗಿದ್ದನ್ನು ಹಾಲ್ಯಾ ಕಿಟಕಿಯಿಂದ ನೋಡಿದಳು, ಬಾಗಿಲು ತೆರೆಯಲಿಲ್ಲ.

ಆಸ್ಪತ್ರೆಯಿಂದ ಬಿಡುಗಡೆಯಾದ ಕೆಲ್ಲನನಿಗೆ ಮತ್ತೆ ಮತ್ತೆ ಚಿಕಿತ್ಸೆಗೆ ಹೋಗಬೇಕಿತ್ತು. ಅವನ ತಾಯಿ ರೂತ್ ಥೀಸನ್ ವಿಧವೆ. ದೂರದ ದಕ್ಷಿಣದಲ್ಲಿ ಹಸುಗಳು, ಸಣ್ಣ ಮಕ್ಕಳಿಬ್ಬರು. ಹಾಲ್ಯಾಳ ಕೈ ಹಿಡಿದು ಆಕೆ, "ಅಕ್ಕಾ, ಚಿಕಿತ್ಸೆ ಮುಗಿಯೋವರೆಗೂ ಅವನು ನಿಮ್ಮ ಹತ್ರಾನೇ ಇರ್ಲಿ. ನಿಮ್ಮನ್ನ ದೇವರೇ ಕೊಟ್ಟ," ಎಂದಾಗ ಹಾಲ್ಯಾ ಬಾಯಿ ತೆರೆದಳು, ಬಂದದ್ದು ಬೇರೆ ಮಾತು: "ಇರ್ಲಿ ರೂತ್, ಇದು ಅವನ ಮನೇನೇ."

ಹೀಗೆ ಒಂದು ವರ್ಷವೂ ಮೇಲೆ ಒಂದು ಚಳಿಗಾಲವೂ ಕಳೆದವು. ಹುಡುಗ ನಡೆಯಬಲ್ಲವನಾದ, ಎಡಗೈ ಮಾತ್ರ ಚಮಚವನ್ನು ಬಾಯಿಯವರೆಗೆ ಒಯ್ಯಲಾರದು. ಮಾತಿನ ನಡುವೆ ಪದ ಕಳೆದುಹೋಗುತ್ತಿತ್ತು. ಅದು ಸಿಗುವವರೆಗೆ ಅವನು ಕಣ್ಣುಮುಚ್ಚಿ ಕಾಯುತ್ತಿದ್ದ. ಬೆಳಕು ಅವನಿಗೆ ಶತ್ರು, ಸದ್ದು ಅದಕ್ಕಿಂತ ಕ್ರೂರ ಶತ್ರು. ಒಂದು ತಟ್ಟೆ ಕೈಜಾರಿದರೆ ಅವನು ಕಿವಿ ಮುಚ್ಚಿಕೊಂಡು ನೆಲದ ಮೇಲೆ ಮುದುಡುವನು. ಆಮೇಲೆ ಎರಡು ದಿನ ಅನ್ನ ಸೇರದು. ಹಾಲ್ಯಾ ಕಿಟಕಿಗಳಿಗೆ ಕಂಬಳಿ ಹೊಡೆದಳು, ಕುರ್ಚಿಯ ಕಾಲುಗಳಿಗೆ ಬಟ್ಟೆ ಸುತ್ತಿದಳು. ಕೆಂಪು ಶಾಲು ಈಗ ದಿನವೂ ಬೇಲಿಗಂಬದಲ್ಲಿರುತ್ತಿತ್ತು. ಬೀದಿಯವರು ಮೊದಮೊದಲು ಪಾಲಿಸಿದರು; ಬರಬರುತ್ತ, ಯಾವಾಗಲೂ ಕಾಣುವುದನ್ನು ಕಾಣದವರಾದರು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ರೂತ್ ಮಗನನ್ನು ನೋಡಲು ಬಂದಿದ್ದಳು. ಹಿಮದ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಒಳಗೆ, ಕತ್ತಲ ಕೋಣೆಯಲ್ಲಿ, ಹುಡುಗ ಆಗಷ್ಟೇ ನಿದ್ದೆಹೋಗಿದ್ದ. ಆ ಹೊತ್ತಿಗೆ ನದಿಯಾಚೆಯಿಂದ ಒಂದು ಹಾರ್ನ್ ಕೇಳಿಸಿತು. ಅದಕ್ಕೆ ಇನ್ನೊಂದು ಸೇರಿತು. ಆಮೇಲೆ ಇಡೀ ಪಟ್ಟಣವೇ ಒಂದೇ ಗಂಟಲಿನಿಂದ ಅರಚಿತು.

ದೊಡ್ಡ ಲೀಗು ಆಸ್ಪೆನ್‌ಫೋರ್ಡನ್ನು ಆರಿಸಿಕೊಂಡಿತ್ತು.

ಕೋಣೆಯಿಂದ ಬಂದದ್ದು ಮನುಷ್ಯರ ಕೂಗಿನಂತಿರಲಿಲ್ಲ. ರೂತ್ ಓಡಿಹೋಗಿ ಮಗನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಳು. ಹಾಲ್ಯಾ ದಿಂಬು ತಂದಳು, ಕಂಬಳಿ ತಂದಳು. ಸದ್ದು ಗೋಡೆಯ ಮೂಲಕವೇ ಬರುತ್ತಿತ್ತು. ಬಳಿಕ ಅದು ಹತ್ತಿರವಾಯಿತು. ಸಮಿತಿಯ ಟ್ರಕ್ಕುಗಳು ಸೇತುವೆ ದಾಟಿ, ನಾಯಕನಿಗೂ ಅವನನ್ನು ಸಾಕಿದ ತೇತಾಳಿಗೂ ಗೌರವ ಸಲ್ಲಿಸಲು ಅವಳ ಬೀದಿಗೇ ತಿರುಗಿದ್ದವು.

ಹಾಲ್ಯಾ ಮನೆಯೊಳಗಿನ ಚಪ್ಪಲಿಯಲ್ಲೇ ಹೊರಗೆ ಓಡಿದಳು. ಬೇಲಿಗಂಬದಿಂದ ಶಾಲನ್ನು ಬಿಚ್ಚಿಕೊಂಡು ಬೀದಿಯ ನಟ್ಟನಡುವೆ ನಿಂತು, ಎರಡು ಕೈಗಳಲ್ಲಿ ಅದನ್ನು ಎತ್ತಿ ಹಿಡಿದಳು. ಮುಂದಿನ ಟ್ರಕ್ಕಿನವರು ಅವಳೂ ಕುಣಿಯಲು ಬಂದಳೆಂದು ತಿಳಿದು ಇನ್ನೂ ಜೋರಾಗಿ ಹಾರ್ನ್ ಒತ್ತಿದರು. ನೆಸ್ಟರ್ ಮುಖಕ್ಕೆಲ್ಲ ಹೊಂಬಣ್ಣ ಬಳಿದುಕೊಂಡಿದ್ದ, ನೆಗೆದು ಇಳಿದ.

"ಅತ್ತಿಗೇ! ಬಂತು! ಅಣ್ಣನ ಬೂಟು ತನ್ನಿ, ಟ್ರಕ್ ಮೇಲಿಟ್ಟು ಮೆರೆಸ್ತೀನಿ ಇವತ್ತು!"

"ಹಾರ್ನ್ ನಿಲ್ಸು."

"ಏನಂದ್ರಿ?"

"ನಿಲ್ಸು ಅಂದೆ. ಹುಡುಗ ಸಾಯ್ತಿದಾನೆ ಒಳಗೆ."

ನೆಸ್ಟರನ ಮುಖ ಸ್ವಲ್ಪ ಬಾಡಿತು. ಅವನು ಕೈಯೆತ್ತಿ ಸನ್ನೆ ಮಾಡಿದ. ಮುಂದಿನ ಎರಡು ಟ್ರಕ್ಕು ಸುಮ್ಮನಾದವು, ಹಿಂದಿನವು ಬಾರಿಸುತ್ತಲೇ ಇದ್ದವು.

"ಇದೊಂದಿನ ಅತ್ತಿಗೆ. ಐದು ನಿಮಿಷ ದಿಂಬು ಒತ್ಕೊಂಡಿರ್ಲಿ. ಇದು ಅವನ ಗೆಲುವೂ ಹೌದಲ್ವಾ? ಆ ಗೋಲು ನೋಡಿ ತಾನೆ ಅವರು ಕರಗಿದ್ದು? ಅವನಿಗೆ ಬಿದ್ದಿದ್ದು ಆಟದ ಏಟು. ದೈವಸಂಕಲ್ಪ. ಅದಕ್ಕೆ ಯಾರ ಕೈಲಿ ಏನಾಗ್ತಿತ್ತು?"

"ಆಗ್ತಿತ್ತು," ಎಂದಳು ಹಾಲ್ಯಾ. "ನನ್ನ ಕೈಲಿ ಆಗ್ತಿತ್ತು."

"ಬಿಡಿ ಅತ್ತಿಗೆ, ಒಳಗೆ ನಡೀರಿ, ಚಳಿ..."

"ಆ ಆಟಕ್ಕೆ ಎರಡು ದಿನ ಮುಂಚೆ ಅವನು ನನ್ನ ಅಡುಗೆಮನೇಲಿ ವಾಂತಿ ಮಾಡ್ಕೊಂಡ ನೆಸ್ಟರ್. ದೀಪ ಹಾಕಿದ್ರೆ ಕಣ್ಣು ಚುಚ್ಚತ್ತೆ ಅಂದ. ಕೋಚ್ ಫೋನ್ ಮಾಡಿ ಕೇಳಿದ್ರು. ಚೆನ್ನಾಗಿದಾನೆ, ಎರಡು ತಟ್ಟೆ ತಿಂದ ಅಂದೆ. ಈ ಬಾಯಿಂದ ಅಂದೆ. ನಿನ್ನ ಲೀಗು ಬರ್ಲಿ ಅಂತ ಅಂದೆ. ನಿಮ್ಮಣ್ಣನ ಬೂಟಿಗೋಸ್ಕರ ಅಂದೆ. ಕೋಚ್ ತಪ್ಪೇನೂ ಇಲ್ಲ. ಹೋಗಿ ಎಲ್ರಿಗೂ ಹೇಳು."

ಎರಡು ಟ್ರಕ್ಕಿನ ಜನರೂ ಇದನ್ನು ಕೇಳಿದರು. ಹಾಲ್ಯಾಳ ಬೆನ್ನ ಹಿಂದೆ ಬಾಗಿಲು ತೆರೆದಿತ್ತು. ಸದ್ದೇಕೆ ನಿಲ್ಲಲಿಲ್ಲವೆಂದು ನೋಡಲು ಬಂದ ರೂತ್ ಮೆಟ್ಟಿಲ ಮೇಲೆ ನಿಂತಿದ್ದಳು.

ನೆಸ್ಟರ್ ತೋಳಿನಿಂದ ಮುಖದ ಬಣ್ಣವನ್ನು ಒರೆಸಿಕೊಂಡ. ಅದು ಹೋಗದೆ ಇನ್ನಷ್ಟು ಹರಡಿತು. ಹಿಂದಿನ ಟ್ರಕ್ಕುಗಳತ್ತ ಓಡಿದ, ಒಬ್ಬೊಬ್ಬರ ಕಿಟಕಿ ಬಡಿದು ಬೇಡಿಕೊಂಡ. ಎಂಜಿನ್ನುಗಳು ಆರಿದವು. ಅವನೂ ಕೆಲವರೂ ಹೆಗಲು ಕೊಟ್ಟು, ತಮ್ಮ ಟ್ರಕ್ಕುಗಳನ್ನು ಹಿಮದ ಮೇಲೆ ತಿರುವಿನವರೆಗೆ ತಳ್ಳಿಕೊಂಡು ಹೋದರು. ಇನ್ನು ಕೆಲವರು, ಮುದುಕಿ ಇವತ್ತೇ ಅಳಬೇಕಿತ್ತಾ ಎಂದು ಬೈದುಕೊಂಡು ಹೊರಳಿದರು. ಬೀದಿ ಸುಮ್ಮನಾಯಿತು. ಆದರೆ ಊರು ದೊಡ್ಡದಾಗಿ ಬೆಳೆದಿತ್ತು. ನದಿಯಾಚೆಯ ಹೊಸ ಬಡಾವಣೆಗಳಲ್ಲಿ ಅವಳ ಶಾಲಿನ ಅರ್ಥ ಬಲ್ಲವರು ಯಾರೂ ಇರಲಿಲ್ಲ. ಅಲ್ಲಿ ಹಾರ್ನುಗಳು ಕತ್ತಲಾಗುವವರೆಗೆ ಕೂಗಿದವು.

ರೂತ್ ಅಡುಗೆಮನೆಯಲ್ಲಿ ನಿಂತೇ ಮಾತನಾಡಿದಳು. "ಕೋಚ್ ಕೇಳಿದ್ರಾ?"

"ಕೇಳಿದ್ರು."

"ಬಾಯಿಬಿಟ್ಟು ಕೇಳಿದ್ರು. ಆದ್ರೂ ನೀವು ಹೇಳ್ಲಿಲ್ಲ."

"ಹೇಳ್ಲಿಲ್ಲ ರೂತ್."

"ಇಷ್ಟು ದಿನ ನಾನು ದೇವರ ಮುಂದೆ ಆ ಮನುಷ್ಯನ್ನ ಶಪಿಸ್ತಿದ್ದೆ. ನಿಮ್ಮ ಹೆಸರು ಹೇಳಿ ಹರಸ್ತಿದ್ದೆ." ಆಕೆಯ ದನಿ ಏರಲಿಲ್ಲ, ಒಳಗೆ ಮಗನಿದ್ದನಲ್ಲ. "ಎರಡನ್ನೂ ಈಗ ವಾಪಸ್ ತಗೋಬೇಕು. ಶಾಪ ವಾಪಸ್ ತಗೊಳ್ಳೋದು ಸುಲಭ."

ಅಕ್ಕಾ ಎಂಬ ಸಂಬೋಧನೆ ಆ ಮಾತುಗಳಲ್ಲಿ ಎಲ್ಲಿಯೂ ಇರಲಿಲ್ಲ.

ಮರುದಿನ ಬೆಳಗ್ಗೆ ಅವಳು ಮಗನನ್ನು ಹೊಲಮನೆಗೆ ಹೊರಡಿಸಿದಳು. ಚಿಕಿತ್ಸೆಗೆ ಎಷ್ಟು ದೂರ ಬರಬೇಕಾದರೂ ಸರಿ, ಇಲ್ಲಿ ಮಾತ್ರ ಬಿಡುವುದಿಲ್ಲವೆಂದಳು. ಕಪ್ಪು ಕನ್ನಡಕ ಹಾಕಿಕೊಂಡ ಕೆಲ್ಲನ್ ಹೊಸ್ತಿಲಲ್ಲಿ ನಿಂತು, ಹಾಲ್ಯಾಳ ಕೈಯಲ್ಲಿದ್ದ ಶಾಲನ್ನು ಬಹಳ ಹೊತ್ತು ನೋಡಿದ. ಪದ ಸಿಗುವವರೆಗೆ ಕಣ್ಣುಮುಚ್ಚಿದ.

"ತೇತಾ, ಇವತ್ತು... ಆಟ ಇದೆಯಾ?"

"ಇಲ್ಲ ಕಂದ. ಇವತ್ತು ಯಾರ ಆಟಾನೂ ಇಲ್ಲ."

ದಾರಿಯ ಸದ್ದು ತಾಗದಿರಲೆಂದು ಅವಳು ಶಾಲನ್ನು ಅವನ ಕಿವಿಗಳ ಮೇಲೆ ಸುತ್ತಿ, ಗದ್ದದ ಕೆಳಗೆ ಗಂಟು ಹಾಕಿದಳು. ರೂತ್ ಅದನ್ನು ತಡೆಯಲಿಲ್ಲ.

ಆ ವಾರ ಹಾಲ್ಯಾ ತಂಡದ ಕಚೇರಿಗೆ ಹೋಗಿ, ಬೀದಿಯಲ್ಲಿ ಹೇಳಿದ್ದನ್ನೇ ಹೇಳಿದಳು. ಹೊಸ ಹರ್ಷದಲ್ಲಿದ್ದ ಆ ಜನ ಹಳೆಯದನ್ನು ಕೆದಕುವುದು ಬೇಡವೆಂದು ಅವಳಿಗೆ ಕಾಫಿ ಕೊಟ್ಟು ಕಳಿಸಿದರು. ಬಡಗಣ ಊರಿಗೆ ಹೋದ ಕೋಚನಿಗೆ ಫೋನ್ ಮಾಡಿದಳು. ಅವನು ಕಡೆಯವರೆಗೆ ಕೇಳಿಸಿಕೊಂಡು, "ನಾನು ಖುದ್ದು ಬಂದು ಅವನ ಕಣ್ಣು ನೋಡ್ಬೇಕಿತ್ತು ತೇತಾ. ನಂಗೂ ಆ ಶನಿವಾರ ಬೇಕಿತ್ತು," ಎಂದು ಫೋನ್ ಇಟ್ಟುಬಿಟ್ಟ. ಓರೆಸ್ಟನ ಬೂಟುಗಳನ್ನು ಅವಳು ಒರೆಸಿ, ಹೊಸದಾಗಿ ಬಂದ ನಿರಾಶ್ರಿತರಿಗೆಂದು ಚರ್ಚಿನಲ್ಲಿ ಇಟ್ಟಿದ್ದ ಪೆಟ್ಟಿಗೆಗೆ ಹಾಕಿದಳು. ಯಾರೋ ಅವನ್ನು ತೊಟ್ಟು ಕೆಲಸಕ್ಕೆ ಹೋಗುತ್ತಿರಬೇಕು.

ದೊಡ್ಡ ತಂಡ ಬರುವುದೆಂದಾಗ ಕಿರಿಯರ ತಂಡವನ್ನು ಬೇರೊಂದು ಪಟ್ಟಣಕ್ಕೆ ಮಾರಿದರು. ಬಿಲೆಟ್ ಮನೆಗಳ ಅಗತ್ಯ ತೀರಿತು. ದೊಡ್ಡ ಲೀಗಿನ ಆಟಗಾರರು ತಮ್ಮ ಮನೆಗಳನ್ನು ತಾವೇ ಕೊಳ್ಳುತ್ತಾರೆ. ಅವಳ ಬೀದಿಯ ತುದಿಯಿಂದ ಹೊಸ ಅಂಗಣದ ಉಕ್ಕಿನ ಕಂಬಗಳು ಕಾಣಿಸತೊಡಗಿದವು. ನೆಸ್ಟರ್ ಭಾನುವಾರಗಳಲ್ಲಿ ಬಂದು ಕೂರುವುದನ್ನು ಬಿಡಲಿಲ್ಲ. ಪಿರೋಹಿಗಳನ್ನು ಮಾತ್ರ ಎಣಿಸದೆ, ಜೋಡಿಸದೆ ತಿನ್ನುತ್ತಿದ್ದ.

ಬೇಸಿಗೆಯ ಕಡೆಯಲ್ಲೊಂದು ಸಂಜೆ ಫೋನ್ ರಿಂಗಣಿಸಿತು. ರೂತಳ ದನಿ.

"ಅವನು ಊಟ ಬಿಟ್ಟಿದಾನೆ. ಆ ಕೆಂಪು ಸಾರು ಬೇಕಂತೆ. ನಾನು ಮಾಡಿದ್ದು ಅದಲ್ವಂತೆ. ಹೇಗೆ ಮಾಡ್ತೀರಿ ಹೇಳಿ."

ಹಾಲ್ಯಾ ಗೋಡೆಗೆ ಒರಗಿ ನಿಂತಳು. "ಬೀಟ್‌ರೂಟ್ ಹೆಚ್ಚೋಕೆ ಮುಂಚೆ ಇಡೀದು ಬೇಯಿಸ್ಬೇಕ್ರೀ. ಕೋಸು ಆಮೇಲೆ. ಸ್ವಲ್ಪ ಹುಳಿ. ಸಬ್ಬಸಿಗೆ ಸೊಪ್ಪು ಒಲೆ ಆರಿಸಿದ ಮೇಲೆ ಹಾಕಿ, ಅದೇ ಅವನಿಗೆ ಇಷ್ಟ. ಬಿಸಿ ಜಾಸ್ತಿ ಬೇಡ, ಲೋಟದಲ್ಲಿ ಕೊಡಿ, ಚಮಚ ಬೇಡ..."

"ಗೊತ್ತು, ಚಮಚ ಬೇಡ," ಎಂದಳು ರೂತ್. "ಶಾಲು ಇಲ್ಲಿದೆ. ನಮ್ಮ ಗೇಟಿಗೆ ಕಟ್ತೀನಿ. ಹಾಲಿನ ಲಾರಿಯವನಿಗೆ ಹೇಳಿದೀನಿ." ಫೋನ್ ಕಡಿಯಿತು.

ಹರಸಿದ್ದನ್ನು ಹಿಂತೆಗೆದುಕೊಂಡ ತಾಯಿ ಅದನ್ನು ಮರಳಿ ಕೊಡಲಿಲ್ಲ. ಕೊಡಬೇಕೆಂದು ಕೇಳುವ ಅಧಿಕಾರ ಯಾರಿಗೂ ಇಲ್ಲ. ಮನುಷ್ಯರು ಕೊಡಲಾರದುದನ್ನು ಕೊಡಬಲ್ಲವನು ಕೊಡಲಿ. ಸತ್ಯವನ್ನು ತಡವಾಗಿ ನುಡಿದರೂ ನಡುಬೀದಿಯಲ್ಲಿ ನಿಂತು ನುಡಿದ ಹಾಲ್ಯಾ ಬೊಯ್ಚುಕಳಿಗೆ ಕಡೆಯ ದಿನಗಳಲ್ಲಿ ನಿದ್ದೆ ಬರಲಿ. ಅವಳ ಒಲೆ ಆರದಿರಲಿ. ಬರಿದಾದ ಕೋಣೆಗಳಲ್ಲಿ ಚಳಿ ಮನೆಮಾಡದಿರಲಿ. ಅವಳ ಸಾರು ಕುಡಿದು ದಿಕ್ಕುದಿಕ್ಕಿಗೆ ಹೋದ ಮಕ್ಕಳೆಲ್ಲರೂ ಅವಳ ಮನೆಯವರೇ ಆದುದರಿಂದ, ಅವರ ತಲೆಗಳನ್ನು ದೇವರು ತನ್ನ ಅಂಗೈಯಲ್ಲಿ ಕಾಯಲಿ. ದೂರದ ಹೊಲಮನೆಯ ಕತ್ತಲ ಕೋಣೆಯಲ್ಲಿರುವ ಹುಡುಗನಿಗೆ ಕಳೆದ ಪದಗಳು ಒಂದೊಂದಾಗಿ ದೊರಕಲಿ. ಅವನ ಗೇಟಿನ ಮುಂದೆ ಹಾದುಹೋಗುವ ಲಾರಿಗಳೆಲ್ಲ ಮೆಲ್ಲನೆ ಹೋಗಲಿ. ಆ ಮನೆಗೂ ಈ ಮನೆಗೂ ಶಾಂತಿಯಾಗಲಿ.